ಸ್ಟ್ಯಾಂಡ್ ಹಾಕುವ ಮೊದಲು: ಚಡಾವಿನಲ್ಲಿ ಭಾರದ ಬೈಕ್ ನಿಲ್ಲಿಸುವುದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಿನ ಕಿಟಕಿ ಬದಿಯಲ್ಲಿ ಕೂತು ಇಯರ್‌ಫೋನ್ ಹಾಕಿದವರಿಗೂ, ರಾತ್ರಿ ಊಟ ಮುಗಿಸಿ ಚಾವಡಿಯಲ್ಲಿ ಅಡ್ಡಬಿದ್ದವರಿಗೂ ನಮಸ್ಕಾರ. ಬೈಕ್ ಓಡಿಸ್ತಾ ಕೇಳುವವರು ಯಾರಾದ್ರೂ ಇದ್ರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮನೆಗೆ ಹೋಗಿ ಕೇಳಿ. ಇವತ್ತಿನ ವಿಷಯವೂ ನಿಲ್ಲಿಸುವುದರದ್ದೇ.

ಹೌದು, ಬೈಕ್ ಪಾರ್ಕ್ ಮಾಡುವುದು. ಅದಕ್ಕೂ ಒಂದು ಸಂಚಿಕೆಯಾ ಮಾರಾಯ ಅಂತ ನನ್ನ ಫ್ರೆಂಡ್ಸ್ ಆಗಲೇ ನಗಾಡಿಯಾಯ್ತು. ಆದ್ರೆ ಒಂದು ವಿಷಯ ನೋಡಿ. ನಮಗೆ ಬೈಕ್ ಓಡಿಸ್ಲಿಕ್ಕೆ ಅಣ್ಣನೋ ಮಾವನೋ ಕಲಿಸ್ತಾರೆ. ಲೈಸೆನ್ಸ್‌ಗೆ ಹೋದ್ರೆ ಮೈದಾನಿನಲ್ಲಿ ಎಂಟು ಹಾಕಿಸ್ತಾರೆ. ನಿಲ್ಲಿಸ್ಲಿಕ್ಕೆ ಯಾರೂ ಕಲಿಸುವುದಿಲ್ಲ. ಸ್ಟ್ಯಾಂಡ್ ಹಾಕು, ಲಾಕ್ ಮಾಡು, ಇಳಿ. ಆಯ್ತು. ಸಮತಟ್ಟು ಊರಿನವರಿಗೆ ಅಷ್ಟು ಸಾಕು. ನಮಗೆ ಸಾಕಾಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆ ಸಮತಟ್ಟು ಜಾಗ ಅಂದ್ರೆ ಒಂದೋ ಬೈಲುಗದ್ದೆ, ಇಲ್ಲದಿದ್ದರೆ ಶಾಲೆಯ ಮೈದಾನು. ಉಳಿದದ್ದೆಲ್ಲ ಗುಡ್ಡೆ, ದರೆ, ತೋಡು. ಮನೆ ಗುಡ್ಡೆಯ ನೆತ್ತಿಯಲ್ಲಿರ್ತದೆ ಅಥವಾ ತೋಟದ ಬುಡದಲ್ಲಿರ್ತದೆ, ಮಧ್ಯದಲ್ಲಿ ಒಂದು ಕಾಂಕ್ರೀಟಿನ ಚಡಾವು. ಆಟೋದವರು "ಅಲ್ಲಿಗೆ ಬರುವುದಿಲ್ಲ, ಮೇಲೆಯೇ ಇಳಿಸ್ತೇನೆ" ಅನ್ನುವ ತರದ್ದು.

ಹತ್ತು-ಹದಿನೈದು ವರ್ಷದ ಹಿಂದೆ ಇದು ದೊಡ್ಡ ತಲೆಬಿಸಿ ಆಗಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಸ್ಪ್ಲೆಂಡರ್ ತರದ ಬೈಕು, ಭಾರ ಸುಮಾರು 112 ಕೆ.ಜಿ. ಜಾರಿದ್ರೂ ಕೈಕೊಟ್ಟು ಹಿಡಿಯಬಹುದಿತ್ತು. ಈಗ ನಮ್ಮ ವಯಸ್ಸಿನವರ ಮನೆ ಮುಂದೆ ಕ್ಲಾಸಿಕ್ 350 ನಿಂತಿರ್ತದೆ, 195 ಕೆ.ಜಿ. ಹಿಮಾಲಯನ್ ಕೂಡ ಹೆಚ್ಚುಕಡಿಮೆ ಅಷ್ಟೇ. 195 ಅಂದ್ರೆ ಎಷ್ಟು? ಸಿಮೆಂಟಿನ ಗೋಣಿ ಒಂದಕ್ಕೆ 50 ಕೆ.ಜಿ. ನಾಲ್ಕು ಗೋಣಿ ಸಿಮೆಂಟನ್ನು ಎರಡು ಚಕ್ರದ ಮೇಲೆ ಪೇರಿಸಿ, ಒಂದು ಕಬ್ಬಿಣದ ಕೋಲಿನ ಆಧಾರದಲ್ಲಿ ಇಳಿಜಾರಿನಲ್ಲಿ ಬಿಟ್ಟು ನಾವು ಚಾ ಕುಡಿಯಲಿಕ್ಕೆ ಹೋಗ್ತೇವೆ.

ಇನ್ನೊಂದು ಸಣ್ಣ ಲೆಕ್ಕ. ಹತ್ತು ಅಡಿ ಹೋಗುವಷ್ಟರಲ್ಲಿ ಒಂದು ಅಡಿ ಏರುವ ರಸ್ತೆ ಅಂತ ಇಟ್ಕೊಳ್ಳಿ. ಅಂಥ ಕಡೆ ಈ ಬೈಕನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 19 ಕೆ.ಜಿ. ತೂಕದಷ್ಟು. ಐದು ಅಡಿಗೆ ಒಂದು ಅಡಿ ಏರುವ ಚಡಾವು ಆದ್ರೆ 38 ಕೆ.ಜಿ. ನಮ್ಮ ಮನೆಗಳ ದಾರಿಯಲ್ಲಿ ಐದಕ್ಕೆ ಒಂದು ಅಪರೂಪ ಏನಲ್ಲ. ನೀವು ಮಲಗಿರುವಾಗಲೂ, ಊಟ ಮಾಡುವಾಗಲೂ ಆ ಎಳೆತ ನಿಲ್ಲುವುದಿಲ್ಲ.

ಈಗ ಸೈಡ್ ಸ್ಟ್ಯಾಂಡ್ ವಿಷಯಕ್ಕೆ ಬರುವಾ. ಇವತ್ತಿನ ಇಡೀ ಸಂಚಿಕೆಯ ಕೀಲಿ ಅಲ್ಲೇ ಉಂಟು. ಸ್ಟ್ಯಾಂಡ್ ಬಿಡಿಸುವಾಗ ನಿಮ್ಮ ಎಡಗಾಲು ಯಾವ ಕಡೆ ಹೋಗ್ತದೆ? ಮುಂದಕ್ಕೆ. ಮಡಚುವಾಗ? ಹಿಂದಕ್ಕೆ. ಅಂದ್ರೆ ಸ್ಟ್ಯಾಂಡ್ ಹಿಂದಕ್ಕೆ ಮಡಚುವ ಹಾಗೆಯೇ ಮಾಡಿದ್ದು. ಈಗ ಸ್ಟ್ಯಾಂಡ್ ನೆಲದ ಮೇಲೆ ಊರಿಕೊಂಡಿದೆ, ಬೈಕು ನಾಲ್ಕು ಬೆರಳು ಮುಂದಕ್ಕೆ ಸರಿಯಿತು ಅಂತ ಯೋಚಿಸಿ. ಸ್ಟ್ಯಾಂಡಿನ ಪಾದ ಇದ್ದಲ್ಲೇ ಇರ್ತದೆ, ಬೈಕು ಮುಂದೆ ಹೋಗ್ತದೆ. ಬೈಕಿನ ಲೆಕ್ಕದಲ್ಲಿ ಸ್ಟ್ಯಾಂಡ್ ಹಿಂದಕ್ಕೆ ಹೋದ ಹಾಗಾಯ್ತು. ಅಂದ್ರೆ ತನ್ನಷ್ಟಕ್ಕೆ ಮಡಚಿತು. ಬೈಕು ಎಡಕ್ಕೆ ಮಲಗಿತು. ಅದೇ ಬೈಕು ಹಿಂದಕ್ಕೆ ಸರಿದ್ರೆ ಸ್ಟ್ಯಾಂಡ್ ಇನ್ನಷ್ಟು ಮುಂದಕ್ಕೆ ಒತ್ತಿಕೊಳ್ತದೆ. ಮುಂದೆ ಹೋಗದ ಹಾಗೆ ಅದಕ್ಕೊಂದು ತಡೆ ಉಂಟು, ಅಲ್ಲಿಗೆ ತಾಗಿ ಗಟ್ಟಿಯಾಗಿ ನಿಲ್ತದೆ.

ಹಾಗಾಗಿ ಚಡಾವಿನಲ್ಲಿ ಮೂತಿ ಮೇಲೆ, ಹಿಂದಿನ ಚಕ್ರ ಕೆಳಗೆ. ಯಾವಾಗಲೂ. ಬೈಕು ಜಾರುವುದಿದ್ರೆ ಹಿಂದಕ್ಕೇ ಜಾರಬೇಕು.

ಸಿದ್ಧಕಟ್ಟೆ ಕಡೆ ಒಂದು ಗೃಹಪ್ರವೇಶದಲ್ಲಿ ಇದರ ಉಲ್ಟಾ ನೋಡಿದ್ದೇನೆ. ಮನೆ ಕೆಳಗೆ, ರಸ್ತೆ ಮೇಲೆ. ಬಂದವರೆಲ್ಲ ರಸ್ತೆಯಿಂದ ಇಳಿದು, ಮೂತಿ ಕೆಳಗೆ ಮಾಡಿಯೇ ಸಾಲಾಗಿ ನಿಲ್ಲಿಸಿದ್ರು. ಹೊಸ ಕಾಂಕ್ರೀಟು, ಒಳ್ಳೆ ನಯ. ಯಾರೋ ಒಬ್ಬರು ಹಿರಿಯರು "ಇದು ಜಾರ್ಲಿಕ್ಕಿಲ್ವಾ?" ಅಂತ ಕೇಳಿದ್ರು. "ದಾಲ ಆಪುಜಿ" ಅಂತ ಉತ್ತರ ಬಂತು. ನಮ್ಮೂರಿನಲ್ಲಿ ಎಲ್ಲ ಅನಾಹುತಕ್ಕೂ ಮೊದಲು ಯಾರಾದ್ರೂ ಒಬ್ಬರು ಈ ಮಾತು ಹೇಳಿರ್ತಾರೆ. ಊಟಕ್ಕೆ ಎರಡನೇ ಪಂಕ್ತಿ ಕೂತಿತ್ತು, ಹೊರಗೆ ಡಬ್ ಅಂತ ಶಬ್ದ. ಬಲಬದಿಯ ತುದಿಯಲ್ಲಿದ್ದ ಬುಲೆಟ್ ಪಕ್ಕದ ಪಲ್ಸರ್ ಮೇಲೆ, ಪಲ್ಸರ್ ಅದರ ಪಕ್ಕದ್ದರ ಮೇಲೆ, ಹಾಗೆ ನಾಲ್ಕು. ಐದನೆಯದ್ದರ ಪಕ್ಕ ಒಬ್ಬ ಸಣ್ಣ ಹುಡುಗ ಚಪ್ಪಲಿ ಹುಡುಕ್ತಾ ಇದ್ದ. ಅವನಿಗೆ ಏನೂ ಆಗಲಿಲ್ಲ, ನಾಲ್ಕನೆಯದು ಐದನೆಯದಕ್ಕೆ ತಾಗುವ ಮೊದಲೇ ನಿಂತಿತು. ಅಷ್ಟೇ ಅಂತರ. ಅವನ ಅಮ್ಮ ಕೈತೊಳೆಯದೆ ಓಡಿಬಂದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಬೈಕಿನವರು ಮಾತ್ರ ಇಂಡಿಕೇಟರ್ ಎಷ್ಟಾಗ್ತದೆ ಅಂತ ಲೆಕ್ಕ ಹಾಕ್ತಾ ಇದ್ರು.

ಆ ಬುಲೆಟ್ಟಿನವರು ಗೇರಿನಲ್ಲೇ ನಿಲ್ಲಿಸಿದ್ರು, ಅದೂ ಗೊತ್ತಿರಲಿ. ಗೇರಿನಲ್ಲಿದ್ದೂ ಬಿತ್ತು. ಯಾಕೆ? ಗೇರಿಗೆ ಹಾಕಿದ ಕೂಡಲೇ ಬೈಕು ಕಲ್ಲಿನ ಹಾಗೆ ನಿಲ್ತದೆ ಅಂತ ನಾವು ನಂಬಿದ್ದೇವೆ. ಹಾಗಲ್ಲ. ಚೈನಿನಲ್ಲಿ ಸಡಿಲ ಉಂಟು, ಗೇರ್‌ಬಾಕ್ಸಿನ ಹಲ್ಲುಗಳ ನಡುವೆ ಸಡಿಲ ಉಂಟು. ಅದರ ಮೇಲೆ ಈ 350 ಬೈಕುಗಳಿಗೆ ಒಂದೇ ಸಿಲಿಂಡರ್. ಪಿಸ್ಟನ್ ಗಾಳಿಯನ್ನು ಒತ್ತುವ ಹಂತಕ್ಕೆ ಬಂದಾಗ ಮಾತ್ರ ಎಂಜಿನ್ ಸರಿಯಾಗಿ ಬಿಗಿ ಹಿಡಿಯುವುದು. ಅಲ್ಲಿ ತನಕ ಬೈಕು ನಾಲ್ಕು ಬೆರಳು, ಕೆಲವೊಮ್ಮೆ ಒಂದು ಗೇಣು ಕೂಡ ಸರಿಯಬಹುದು. ಮೂತಿ ಕೆಳಗಿದ್ದರೆ ಸ್ಟ್ಯಾಂಡ್ ಮಡಚಲಿಕ್ಕೆ ಆ ಒಂದು ಗೇಣು ಧಾರಾಳ ಸಾಕು.

ಇದಕ್ಕೆ ಮದ್ದು ಸುಲಭ. ಸಡಿಲವನ್ನೆಲ್ಲ ನೀವು ಬೈಕಿನ ಮೇಲೆ ಕೂತಿರುವಾಗಲೇ ಮುಗಿಸಬೇಕು. ನಾನು ಮಾಡುವ ಕ್ರಮ ಹೇಳ್ತೇನೆ. ಮೂತಿ ಮೇಲೆ ಮಾಡಿ ನಿಲ್ಲಿಸುವುದು. ಬಲಗೈಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದಿರಬೇಕು. ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದೇ ಎಂಜಿನ್ ಆಫ್. ಆಮೇಲೆ ಕ್ಲಚ್ ಪೂರ್ತಿ ಬಿಡಿ. ಈಗ ಮುಂದಿನ ಬ್ರೇಕನ್ನು ಮೆಲ್ಲ ಸಡಿಲ ಮಾಡಿ. ಬೈಕು ತಾನಾಗಿ ಸ್ವಲ್ಪ ಹಿಂದೆ ಸರಿದು, ಟಕ್ ಅಂತ ಒಂದು ಕಡೆ ಕಚ್ಚಿಕೊಳ್ತದೆ. ನಿಮ್ಮ ಸೊಂಟಕ್ಕೇ ಅದು ಗೊತ್ತಾಗ್ತದೆ. ಆಗ ಸ್ಟ್ಯಾಂಡ್ ಹಾಕುವುದು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಲಾಕ್. ಇಳಿದ ಮೇಲೂ ತಕ್ಷಣ ಕೈ ಬಿಡಬೇಡಿ, ಎರಡು ಸೆಕೆಂಡು ನೋಡಿ.

ಈಗಿನ ತುಂಬ ಬೈಕುಗಳಲ್ಲಿ ಗೇರಿನಲ್ಲಿರುವಾಗ ಸ್ಟ್ಯಾಂಡ್ ಹಾಕಿದ್ರೆ ಎಂಜಿನ್ ತಾನೇ ಆಫ್ ಆಗ್ತದೆ. ಕೆಲವರು ಅದನ್ನೇ ಸ್ವಿಚ್ಚಿನ ಹಾಗೆ ಬಳಸ್ತಾರೆ. ಎಂಜಿನ್‌ಗೆ ಅದರಿಂದ ತೊಂದರೆ ಇಲ್ಲ. ಆದ್ರೆ ಚಡಾವಿನಲ್ಲಿ ಕ್ಲಚ್ ಬಿಟ್ಟು ಬೈಕು ಕಚ್ಚಿಕೊಂಡ ಮೇಲೆಯೇ ಭಾರವನ್ನು ಸ್ಟ್ಯಾಂಡಿಗೆ ಕೊಡುವುದು ಒಳ್ಳೇದು.

ರಾತ್ರಿಯಿಡೀ ನಿಲ್ಲಿಸುವುದಿದ್ರೆ ಗೇರನ್ನೂ ಪೂರ್ತಿ ನಂಬಬೇಡಿ. ಸಿಲಿಂಡರಿನ ಒಳಗೆ ಒತ್ತಿದ ಗಾಳಿ ಪಿಸ್ಟನ್ ರಿಂಗಿನ ಪಕ್ಕದಿಂದ ಮೆಲ್ಲ ಮೆಲ್ಲ ಸೋರಿಹೋಗ್ತದೆ. ಹಳೆ ಎಂಜಿನ್ ಆದ್ರೆ ಬೇಗ. ಆಗ ಬೈಕು ಒಂದು ಹೆಜ್ಜೆ ಜಾರಿ ಮತ್ತೆ ಕಚ್ಚಿಕೊಳ್ತದೆ. ಅದಕ್ಕೆ ಹಿಂದಿನ ಚಕ್ರದ ಕೆಳಬದಿಗೆ ಒಂದು ಕಲ್ಲು ಇಡಿ. ಲಾರಿಯವರು ಇಡ್ತಾರಲ್ಲ, ಅದೇ. ನಾಚಿಕೆ ಎಂತದ್ದು? ಇನ್ನೊಂದು ಉಪಾಯ, ಹಳೆ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಇಟ್ಕೊಳ್ಳುವುದು. ಪಂಕ್ಚರ್ ಅಂಗಡಿಯಲ್ಲಿ ಕೇಳಿದ್ರೆ ಸುಮ್ಮನೆ ಕೊಡ್ತಾರೆ. ಮುಂದಿನ ಬ್ರೇಕ್ ಲಿವರ್ ಒತ್ತಿ, ಆ ರಬ್ಬರನ್ನು ಲಿವರ್‌ಗೂ ಗ್ರಿಪ್ಪಿಗೂ ಸೇರಿಸಿ ಸಿಕ್ಕಿಸಿದ್ರೆ ಅದೇ ಹ್ಯಾಂಡ್ ಬ್ರೇಕ್. ಒಂದೆರಡು ಗಂಟೆಯ ಮಟ್ಟಿಗೆ ಒಳ್ಳೆ ಕೆಲಸ ಮಾಡ್ತದೆ.

ಇಲ್ಲಿ ಯಾರಾದ್ರೂ ಕೇಳಿಯೇ ಕೇಳ್ತೀರಿ, ಸೆಂಟರ್ ಸ್ಟ್ಯಾಂಡ್ ಹಾಕಿದ್ರೆ ಆಗುದಿಲ್ವಾ ಅಂತ. ನಮ್ಮ ಅಪ್ಪಂದಿರ ಕಾಲದ ನಂಬಿಕೆ ಅದು, ಡಬಲ್ ಸ್ಟ್ಯಾಂಡ್ ಹಾಕಿದ್ರೆ ಗಟ್ಟಿ ಅಂತ. ಸಮತಟ್ಟಿನಲ್ಲಿ ನೂರಕ್ಕೆ ನೂರು ಸರಿ. ಚಡಾವಿನಲ್ಲಿ ಅಲ್ಲ. ಸೆಂಟರ್ ಸ್ಟ್ಯಾಂಡಿನಿಂದ ಬೈಕು ಇಳಿಸುವಾಗ ಎಂತ ಮಾಡ್ತೀರಿ? ಮುಂದಕ್ಕೆ ದೂಡ್ತೀರಿ, ಸ್ಟ್ಯಾಂಡ್ ಮಡಚ್ತದೆ. ಮೂತಿ ಕೆಳಗಿದ್ರೆ ಆ ದೂಡುವ ಕೆಲಸವನ್ನು ಇಳಿಜಾರೇ ಮಾಡ್ತದೆ. ಅದಕ್ಕಿಂತ ಮುಖ್ಯ ಸಂಗತಿ, ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಸಾಮಾನ್ಯವಾಗಿ ಹಿಂದಿನ ಚಕ್ರ ನೆಲದಿಂದ ಮೇಲೆ ಇರ್ತದೆ. ಚಕ್ರ ಗಾಳಿಯಲ್ಲಿದ್ರೆ ನೀವು ಯಾವ ಗೇರ್ ಹಾಕಿದ್ರೂ ಅದು ಹಿಡಿಯುವುದು ಗಾಳಿಯನ್ನು. ಚೈನಿಗೆ ಎಣ್ಣೆ ಬಿಡ್ಲಿಕ್ಕೆ, ಆಯಿಲ್ ನೋಡ್ಲಿಕ್ಕೆ, ಶೆಡ್ಡಿನೊಳಗೆ ಇಡ್ಲಿಕ್ಕೆ ಸೆಂಟರ್ ಸ್ಟ್ಯಾಂಡ್. ಏರಿನಲ್ಲಿ ಬೇಡ.

ಅಡ್ಡ ನಿಲ್ಲಿಸುವುದು ಇನ್ನೊಂದು ಅಭ್ಯಾಸ. ಚಡಾವಿಗೆ ಅಡ್ಡವಾಗಿ, ರಸ್ತೆಗೆ ಗೆರೆ ಎಳೆದ ಹಾಗೆ. ಎಡಬದಿ ತಗ್ಗಾಗಿದ್ರೆ ಬೈಕು ಸ್ಟ್ಯಾಂಡಿನ ಮೇಲೆ ಜಾಸ್ತಿ ವಾಲ್ತದೆ, ಅರ್ಧ ಭಾರ ಆ ಸಣ್ಣ ಕೋಲಿನ ಮೇಲೆಯೇ. ಎಡಬದಿ ಎತ್ತರವಾಗಿದ್ರೆ ಇನ್ನೂ ಕಷ್ಟ. ಬೈಕು ನೆಟ್ಟಗೆ ನಿಂತುಬಿಡ್ತದೆ, ಬಲಬದಿಯಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ. ಒಂದು ಗಾಳಿ, ಒಂದು ಮಗು, ಒಂದು ನಾಯಿ ತಾಗಿದ್ರೆ ಮುಗೀತು. ಸಮತಟ್ಟು ಅಂತ ಕಾಣುವ ರಸ್ತೆಯಲ್ಲೂ ಇದು ಉಂಟು. ಮಳೆನೀರು ಕಣಿಗೆ ಹೋಗಲಿ ಅಂತ ರಸ್ತೆಯ ಅಂಚನ್ನು ತಗ್ಗು ಮಾಡಿರ್ತಾರೆ. ಕಣಿಯ ಬಾಯಿಯಲ್ಲಿ ಸ್ಟ್ಯಾಂಡ್ ಊರುವುದು, ಆಮೇಲೆ ಬೈಕನ್ನು ಕಣಿಯಿಂದ ಎತ್ತುವುದು, ಇದೆಲ್ಲ ಬಿ.ಸಿ.ರೋಡಿನಲ್ಲಿ ಮಳೆಗಾಲದ ದೃಶ್ಯ.

ಮನೆ ಕೆಳಗಿರುವವರ ಕಥೆ ಎಂತ? ಇಳಿದು ಬರುವಾಗ ಮೂತಿ ಕೆಳಗೇ ಇರ್ತದಲ್ಲ. ಅಂಗಳ ದೊಡ್ಡದಿದ್ರೆ ಅಲ್ಲಿ ತಿರುಗಿಸಿ. ಇಲ್ಲದಿದ್ರೆ ಇಳಿಯುವ ಮೊದಲೇ, ಮೇಲಿನ ರಸ್ತೆಯಲ್ಲೇ ನಿರ್ಧಾರ ಮಾಡಬೇಕು. ನೂರು ತೊಂಬತ್ತೈದು ಕೆ.ಜಿ.ಗೆ ರಿವರ್ಸ್ ಗೇರ್ ಇಲ್ಲ. ಐದಕ್ಕೆ ಒಂದರ ಚಡಾವಿನಲ್ಲಿ ಹಿಂದೆ ಎಳೆಯುವುದು ಅಂದ್ರೆ ಆ 38 ಕೆ.ಜಿ.ಯನ್ನು, ಬ್ಯಾಲೆನ್ಸ್ ಬೇರೆ ನೋಡಿಕೊಂಡು, ಬಗ್ಗಿಕೊಂಡು ಎಳೆಯುವುದು. ಎಷ್ಟೋ ಬೈಕು ಬೀಳುವುದು ನಿಲ್ಲಿಸಿದಾಗ ಅಲ್ಲ, ಹೊರಗೆ ತೆಗೆಯುವಾಗ. ಹಾಗಾಗಿ ನಿಲ್ಲಿಸುವಾಗಲೇ ಹೊರಡುವುದನ್ನು ಯೋಚಿಸಿ ಅಂತ ಹೇಳುವುದು.

ನನ್ನ ಸಲಹೆ, ಬೈಕನ್ನು ಮೇಲಿನಿಂದ ಹಿಮ್ಮುಖವಾಗಿ ಇಳಿಸಿ. ಹೆದರಬೇಡಿ, ಇದಕ್ಕೊಂದು ಒಳ್ಳೆ ಕ್ರಮ ಉಂಟು. ಎಂಜಿನ್ ಆಫ್. ಫಸ್ಟ್ ಗೇರ್. ಬೈಕಿನ ಮೇಲೆ ಕೂತು ಎರಡೂ ಕಾಲು ನೆಲದಲ್ಲಿ. ಕ್ಲಚ್ ಹಿಡಿದ್ರೆ ಬೈಕು ಹಿಂದೆ ಹೋಗ್ತದೆ, ಬಿಟ್ರೆ ನಿಲ್ತದೆ. ಕ್ಲಚ್ಚೇ ಬ್ರೇಕ್. ಹಿಂದಿನ ಬ್ರೇಕ್ ಒತ್ತಲಿಕ್ಕೆ ಕಾಲು ಖಾಲಿ ಇಲ್ಲ. ಮುಂದಿನ ಬ್ರೇಕ್ ಒಂದನ್ನೇ ನಂಬಿದ್ರೆ, ಹಿಂದಕ್ಕೆ ಇಳಿಯುವಾಗ ಮುಂದಿನ ಚಕ್ರದ ಮೇಲೆ ಭಾರ ಕಮ್ಮಿ, ಜಲ್ಲಿಪುಡಿ ಇದ್ರೆ ಚಕ್ರ ನಿಂತೂ ಬೈಕು ಜಾರ್ತದೆ. ಕ್ಲಚ್ಚಿನಿಂದ ಹಿಂದಿನ ಚಕ್ರ ಹಿಡಿಯುವುದು ಎಷ್ಟೋ ಭದ್ರ. ಮೊದಲ ಸಲ ಸಣ್ಣ ಏರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಅಭ್ಯಾಸ ಮಾಡಿ. ಆ ಒಬ್ಬರು ಬೈಕಿನ ಕೆಳಬದಿಯಲ್ಲಿ ನಿಲ್ಲುವುದು ಬೇಡ.

ಹೊರಡುವಾಗ ಒಂದು ಎಚ್ಚರಿಕೆ. ಬೈಕಿನ ಮೇಲೆ ಕೂತ ಕೂಡಲೇ ಎಡಗೈ ಅಭ್ಯಾಸಬಲದಿಂದ ಕ್ಲಚ್ ಹಿಡೀತದೆ. ಹಿಡಿದ ಕ್ಷಣ ಗೇರಿನ ಹಿಡಿತ ಹೋಯ್ತು. ಮೊದಲು ಬಲಗೈಯ ಬ್ರೇಕ್, ಆಮೇಲೆ ಬೈಕು ನೆಟ್ಟಗೆ, ಆಮೇಲೆ ಸ್ಟ್ಯಾಂಡ್, ಕೊನೆಗೆ ಕ್ಲಚ್. ಚಕ್ರಕ್ಕೆ ಕಲ್ಲು ಇಟ್ಟವರು ಕಲ್ಲು ತೆಗೆಯಿರಿ. ತೆಗೆದ ಕಲ್ಲನ್ನು ರಸ್ತೆಯ ಮಧ್ಯೆ ಬಿಟ್ಟುಹೋಗುವವರಿಗೆ ಎಂತ ಹೇಳುವುದು ಅಂತ ನನಗೆ ಗೊತ್ತಾಗುವುದಿಲ್ಲ.

ನೆಲದ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಜುಲೈ ಬರುವಾಗ ಕಾಂಕ್ರೀಟಿನ ಚಡಾವಿನ ಮೇಲೆ, ಇಂಟರ್‌ಲಾಕ್ ಮೇಲೆ, ಮುರಕಲ್ಲಿನ ಮೇಲೆ ಪಾಚಿ ಕೂತಿರ್ತದೆ. ಅದರ ಮೇಲೆ ಚಕ್ರ ಲಾಕ್ ಆಗಿದ್ರೂ ಬೈಕು ಇಡಿಗೆ ಇಡೀ ಜಾರಬಹುದು. ಗೇರು, ಬ್ರೇಕು ಯಾವುದೂ ಅಲ್ಲಿ ಉಪಯೋಗಕ್ಕಿಲ್ಲ. ಚಕ್ರ ನಿಲ್ಲುವ ಎರಡು ಜಾಗ, ಸ್ಟ್ಯಾಂಡ್ ಊರುವ ಒಂದು ಜಾಗ, ಈ ಮೂರನ್ನಾದ್ರೂ ಬ್ಲೀಚಿಂಗ್ ಪೌಡರ್ ಹಾಕಿ ಗುಡಿಸುಕಡ್ಡಿಯಲ್ಲಿ ತಿಕ್ಕಿ. ಇಡೀ ದಾರಿ ತಿಕ್ಕಿದ್ರೆ ಮನೆಯ ಅಜ್ಜಿಯೂ ನಿಮಗೆ ಆಶೀರ್ವಾದ ಮಾಡ್ತಾರೆ, ಅವರು ನಡೆಯುವುದೂ ಅದರ ಮೇಲೆಯೇ. ಹೊಸದಾಗಿ ಕಾಂಕ್ರೀಟ್ ಹಾಕಿಸುವವರು ನಯ ಮಾಡಿಸಬೇಡಿ, ಅಡ್ಡಗೆರೆ ಹಾಕಿಸಿ.

ಕೆಂಪುಮಣ್ಣು ನೆನೆದ್ರೆ ಸ್ಟ್ಯಾಂಡ್ ಇಳೀತದೆ. ಕೂಡಲೇ ಅಲ್ಲ, ಅರ್ಧ ಗಂಟೆ ಬಿಟ್ಟು. ಏಪ್ರಿಲ್ ಬಿಸಿಲಿನಲ್ಲಿ ಟಾರು ಮೆತ್ತಗಾಗಿ ಅಲ್ಲೂ ಅದೇ ಕಥೆ. ಮೂಡುಬಿದಿರೆಯ ಕಡಲಕೆರೆ ಕಂಬಳಕ್ಕೋ ವೇಣೂರಿನ ಕಂಬಳಕ್ಕೋ ಹೋದಾಗ ಗದ್ದೆಯಲ್ಲಿ ಪಾರ್ಕಿಂಗ್ ಇರ್ತದೆ. ಮೇಲೆ ಒಣಗಿದ ಪದರ, ಕೆಳಗೆ ಹಸಿ. ಸಂಜೆ ಬಿಟ್ಟುಹೋದ ಬೈಕು ಕೋಣ ಓಡುವುದು ನೋಡಿ ಬೆಳಿಗ್ಗೆ ಬರುವಾಗ ಮಲಗಿರ್ತದೆ. ಸ್ಟ್ಯಾಂಡಿನ ಪಾದದ ಅಡಿಗೆ ಅಗಲವಾದದ್ದೇನಾದ್ರೂ ಬೇಕು. ಅಂಗೈ ಅಗಲದ ಮರದ ತುಂಡು ಎಲ್ಲಕ್ಕಿಂತ ಒಳ್ಳೇದು, ಒಂದು ದಾರ ಕಟ್ಟಿ ಸೀಟಿನ ಅಡಿಗೆ ಇಟ್ಕೊಂಡ್ರೆ ವರ್ಷಗಟ್ಟಲೆ ಬರ್ತದೆ. ಹಂಚಿನ ಚೂರು ಇಡಬೇಡಿ. ನೋಡ್ಲಿಕ್ಕೆ ಗಟ್ಟಿ, ಒಂದೇ ಕಡೆ ಭಾರ ಬಿದ್ರೆ ಪಟ್ ಅಂತ ಒಡೀತದೆ.

ಸುತ್ತಾಡುವವರಿಗೆ ಎರಡು ಮಾತು. ಚಾರ್ಮಾಡಿ ಘಾಟಿ, ರಾಷ್ಟ್ರೀಯ ಹೆದ್ದಾರಿ 73. ಬೆಳ್ತಂಗಡಿಯಿಂದ ಕೊಟ್ಟಿಗೆಹಾರದ ನೀರ್‌ದೋಸೆಗೆ ಅಂತ ಹೋಗುವಾಗ ನೀವು ಏರುವುದು, ಎಲ್ಲಿ ನಿಲ್ಲಿಸಿದ್ರೂ ಮೂತಿ ಮೇಲೆ. ದೋಸೆ ತಿಂದು ವಾಪಸ್ ಬರುವಾಗ ಇಳಿಯುವುದು, ಮೂತಿ ಕೆಳಗೆ. ಹೋಗುವಾಗ ಇಲ್ಲೇ ನಿಲ್ಲಿಸಿದ್ದೆ, ಏನೂ ಆಗಿಲ್ಲ ಅಂತ ಬರುವಾಗಲೂ ಹಾಗೆಯೇ ಬದಿಗೆ ಹಾಕಿ ಫೋಟೊಗೆ ಓಡ್ತಾರೆ. ಅದೇ ರಸ್ತೆ, ಅದೇ ಬೈಕು, ಆದ್ರೆ ಸ್ಟ್ಯಾಂಡಿನ ಮಟ್ಟಿಗೆ ಪೂರ್ತಿ ಬೇರೆ ಜಾಗ. ಅಲ್ಲಿ ಬೈಕು ಮಲಗಿದ್ರೆ ಅಂಗಳದ ಹಾಗೆ ಅಲ್ಲ, ಮಂಜಿನ ನಡುವೆ ತಿರುವಿನಿಂದ ಬಸ್ಸು ಬರ್ತಾ ಇರ್ತದೆ. ಇಳಿಯುವಾಗ ಸಮತಟ್ಟು, ಅಗಲ ಜಾಗ ಸಿಗುವ ತನಕ ನಿಲ್ಲಿಸಬೇಡಿ. ನಿಲ್ಲಲೇಬೇಕಾಗಿ ಬಂದ್ರೆ ಬೈಕಿನಿಂದ ಇಳಿಯದೆ ಬ್ರೇಕ್ ಹಿಡಿದು ಕೂತಿರಿ. ಮಳೆಗಾಲದಲ್ಲಿ ದರೆಯ ಬುಡದಲ್ಲಂತೂ ಬೇಡವೇ ಬೇಡ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ಘಾಟಿ ಬಂದ್ ಆದದ್ದು ನೆನಪಿರಬಹುದು.

ಬಂಟ್ವಾಳದ ಕಾರಿಂಜಕ್ಕೆ ಆಟಿ ಅಮಾವಾಸ್ಯೆಗೋ ಶಿವರಾತ್ರಿಗೋ ಹೋಗುವವರು ಜನ ಸೇರುವ ಮೊದಲೇ ಹೋಗಿ. ತಡವಾದ್ರೆ ನಿಮಗೆ ಸಿಗುವುದು ಯಾರಿಗೂ ಬೇಡದ ಓರೆ ಜಾಗ. ಹ್ಯಾಂಡಲಿಗೆ ಹಣ್ಣುಕಾಯಿ ಚೀಲ ನೇತುಹಾಕಿ ಹೋದ್ರೆ ಅಲ್ಲಿನ ಮಂಗಗಳು ಬೈಕಿನ ಮೇಲೆಯೇ ಪಂಕ್ತಿ ಕೂರ್ತವೆ. ಗಡಾಯಿಕಲ್ಲಿಗೆ ಹೋಗುವವರು ಕೆಳಗೆ ಬೈಕು ಬಿಟ್ಟು ಗಂಟೆಗಟ್ಟಲೆ ಮೇಲಿರ್ತೀರಿ, ಹಾಗಾಗಿ ಚಕ್ರಕ್ಕೆ ಕಲ್ಲು ಮರೆಯಬೇಡಿ.

ಸ್ಕೂಟರಿನವರು ಇದು ನಮಗಲ್ಲ ಅಂದ್ಕೋಬೇಡಿ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ ಆಫ್ ಆದ್ಮೇಲೆ ಚಕ್ರವನ್ನು ಹಿಡಿಯುವವರು ಯಾರೂ ಇಲ್ಲ, ಅದು ಯಾವಾಗಲೂ ನ್ಯೂಟ್ರಲ್‌ನಲ್ಲಿರುವ ಬೈಕಿನ ಹಾಗೆ. ಕೆಲವು ಮಾದರಿಗಳಲ್ಲಿ ಬ್ರೇಕ್ ಲಾಕ್ ಮಾಡುವ ಕ್ಲಿಪ್ ಕೊಟ್ಟಿರ್ತಾರೆ, ಅದಿದ್ರೆ ಬಳಸಿ. ಇಲ್ಲದಿದ್ರೆ ಟ್ಯೂಬಿನ ರಬ್ಬರ್, ಕಲ್ಲು. ಭಾರ ಕಮ್ಮಿ ಅನ್ನುವುದೊಂದೇ ಸಮಾಧಾನ.

ಈಗ ಬೀಳುವ ಮಾತು. ಬೈಕು ವಾಲಲಿಕ್ಕೆ ಶುರುವಾದ ಮೊದಲ ಕ್ಷಣದಲ್ಲಿ, ಇನ್ನೂ ಸ್ವಲ್ಪವೇ ವಾಲಿರುವಾಗ ಹಿಡಿಯಬಹುದು. ಅದು ದಾಟಿತು ಅಂದ್ರೆ ಬಿಟ್ಟುಬಿಡಿ. ಕೈ ಬಿಟ್ಟು ದೂರ ಹಾರಿ. ಮುಖ್ಯವಾಗಿ ಕೆಳಬದಿಯಲ್ಲಿ ನಿಂತು ತಡೆಯಬೇಡಿ. ಹೊಸ ಬೈಕು, ಇಎಂಐ ಮುಗಿದಿಲ್ಲ, ಟ್ಯಾಂಕಿಗೆ ಗೀರು ಬೀಳ್ತದೆ, ಎಲ್ಲ ನಿಜ. ಆದ್ರೆ ನಾಲ್ಕು ಗೋಣಿ ಸಿಮೆಂಟು ಜಾರುವಾಗ ಯಾರೂ ಮೊಣಕಾಲು ಕೊಟ್ಟು ನಿಲ್ಲಿಸುವುದಿಲ್ಲ. ಬೈಕಿಗೆ ಮಾತ್ರ ಕೊಡ್ತೇವೆ. ಅದರ ಅಡಿಗೆ ಸಿಕ್ಕಿದ ಕಾಲು ಬಿಸಿ ಸೈಲೆನ್ಸರಿಗೂ ತಾಗಿಕೊಂಡಿರ್ತದೆ, ಒಬ್ಬರೇ ಇದ್ರೆ ಎತ್ತಿ ಹೊರಬರ್ಲಿಕ್ಕೂ ಆಗುದಿಲ್ಲ. ಹಾಗೆಯೇ, ಏರಿನಲ್ಲಿ ನಿಂತ ಬೈಕಿನ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುವುದನ್ನು ದಯವಿಟ್ಟು ನಿಲ್ಲಿಸಿ. ಮಕ್ಕಳು ಮೊದಲು ಮಾಡುವ ಕೆಲಸ ಹ್ಯಾಂಡಲ್ ಹಿಡಿದು ಅಲ್ಲಾಡಿಸುವುದು.

ಬಿಕಾಂ ಓದಿದವ ಅಲ್ವಾ, ದುಡ್ಡಿನ ಮಾತು ಬಿಟ್ರೆ ನನಗೆ ಸಮಾಧಾನ ಇಲ್ಲ. "ಬಿದ್ರೆ ಇನ್ಶೂರೆನ್ಸ್ ಉಂಟಲ್ಲ" ಅನ್ನುವವರು ಮೊಬೈಲಿನಲ್ಲಿ ನಿಮ್ಮ ಪಾಲಿಸಿ ತೆಗೆದು ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಆದ್ರೆ ನಮ್ಮದೇ ಬೈಕಿನ ಡ್ಯಾಮೇಜ್‌ಗೆ ಇರುವ ಓನ್ ಡ್ಯಾಮೇಜ್ ಭಾಗ ತುಂಬ ಜನರಿಗೆ ಒಂದೇ ವರ್ಷದ್ದು. ಐದು ವರ್ಷದ್ದು ಉಂಟಲ್ಲ ಅಂತ ಅದನ್ನು ರಿನ್ಯೂ ಮಾಡುವುದಿಲ್ಲ. ಬೈಕು ಅಂಗಳದಲ್ಲಿ ಮಲಗಿದ್ರೆ ಥರ್ಡ್ ಪಾರ್ಟಿಯಿಂದ ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ.

ಓನ್ ಡ್ಯಾಮೇಜ್ ಇದ್ದವರೂ ಸಣ್ಣ ಬಿಲ್ಲಿಗೆ ಕ್ಲೇಮ್ ಮಾಡುವ ಮೊದಲು ಪೆನ್ನು ಹಿಡೀರಿ. ಮಾತಿಗೆ 3,000 ರೂಪಾಯಿ ಬಿಲ್ಲು, ಅದರಲ್ಲಿ 1,200 ಪ್ಲಾಸ್ಟಿಕ್ ಭಾಗ ಅಂತ ಇಟ್ಕೊಳ್ಳಿ. ಝೀರೊ ಡೆಪ್ ಇಲ್ಲದಿದ್ರೆ ಪ್ಲಾಸ್ಟಿಕ್ಕಿಗೆ ಅರ್ಧ ಕಟ್, 600 ಹೋಯ್ತು. ಕಡ್ಡಾಯ ಕಡಿತ 100. ಸಿಗುವುದು ಹೆಚ್ಚೆಂದರೆ 2,300, ಲೋಹದ ಸವಕಳಿ ಬೇರೆ. ಇನ್ನೊಂದು ಕಡೆ ನೋ ಕ್ಲೇಮ್ ಬೋನಸ್. ಅದು 20, 25, 35, 45, 50 ಶೇಕಡಾ ಅಂತ ಮೆಟ್ಟಿಲು ಹತ್ತುವಂಥದ್ದು. ನೀವೀಗ 25ರಲ್ಲಿ ಇದ್ದೀರಿ, ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 2,400, ಅದು ಬದಲಾಗುವುದಿಲ್ಲ ಅಂತ ಲೆಕ್ಕಕ್ಕೆ ಹಿಡಿಯುವಾ. ಕ್ಲೇಮ್ ಮಾಡದಿದ್ರೆ ಮುಂದಿನ ನಾಲ್ಕು ವರ್ಷ 35, 45, 50, 50. ಮಾಡಿದ್ರೆ ಸೊನ್ನೆ, 20, 25, 35. ವ್ಯತ್ಯಾಸ ಕೂಡಿಸಿದ್ರೆ ಸರಿಯಾಗಿ ನೂರು ಶೇಕಡಾ, ಅಂದ್ರೆ 2,400 ರೂಪಾಯಿ. 2,300 ಪಡೆದು 2,400 ಕಳ್ಕೊಂಡ ಹಾಗೆ. ಬಿಲ್ಲು ದೊಡ್ಡದಿದ್ರೆ ಕ್ಲೇಮ್ ಮಾಡಿ, ಲಿವರ್-ಇಂಡಿಕೇಟರ್‌ಗೆಲ್ಲ ಬೇಡ.

ಕೊನೆಗೆ, ಬಿದ್ದದ್ದನ್ನು ಎತ್ತುವುದು. ಗಡಿಬಿಡಿ ಮಾಡಬೇಡಿ. ಮೊದಲು ಕೀ ಆಫ್. ಪೆಟ್ರೋಲ್ ಸೋರ್ತಾ ಉಂಟಾ ನೋಡಿ, ಬೀಡಿ-ಸಿಗರೇಟಿನವರನ್ನು ದೂರ ಕಳಿಸಿ. ಗೇರಿನಲ್ಲಿ ಇಲ್ಲದಿದ್ರೆ ಗೇರಿಗೆ ಹಾಕಿ, ಇಲ್ಲದಿದ್ರೆ ಅರ್ಧ ಎತ್ತಿದಾಗ ಉರುಳಿಹೋಗ್ತದೆ. ಬಲಕ್ಕೆ ಬಿದ್ದಿದ್ರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ. ಚಕ್ರಗಳು ಚಡಾವಿನ ಮೇಲ್ಬದಿಗೆ, ಹ್ಯಾಂಡಲ್ ಕೆಳಬದಿಗೆ ಬಿದ್ದಿದ್ರೆ ಹಾಗೆಯೇ ಎತ್ತಲಿಕ್ಕೆ ಹೋಗಬೇಡಿ, ಬೆನ್ನು ಮುರೀತದೆ. ಇಬ್ಬರು ಸೇರಿ ಲೆಗ್‌ಗಾರ್ಡಿನ ಮೇಲೆ ಬೈಕನ್ನು ನೆಲದಲ್ಲೇ ತಿರುಗಿಸಿ, ಚಕ್ರ ಕೆಳಬದಿಗೆ ಬರಲಿ. ಆಗ ಅರ್ಧ ಕೆಲಸ ಇಳಿಜಾರೇ ಮಾಡಿಕೊಡ್ತದೆ. ಒಬ್ಬರೇ ಇದ್ರೆ ಬೈಕಿಗೆ ಬೆನ್ನು ಹಾಕಿ, ಸೀಟಿಗೆ ಸೊಂಟ ಒತ್ತಿ, ಒಂದು ಕೈ ಹ್ಯಾಂಡಲ್, ಇನ್ನೊಂದು ಹಿಂದಿನ ಗ್ರಾಬ್ ರೈಲ್ ಹಿಡಿದು ಕಾಲಿನ ಬಲದಲ್ಲಿ ಹಿಂದೆ ಹಿಂದೆ ಹೆಜ್ಜೆ ಹಾಕಿ. ಎದ್ದ ಮೇಲೆ ಆಚೆ ಬದಿಗೆ ಬೀಳದ ಹಾಗೆ ನೋಡ್ಕೊಳ್ಳಿ, ಅದೂ ಆಗ್ತದೆ.

ನಿಂತ ಕೂಡಲೇ ಸೆಲ್ಫ್ ಒತ್ತಬೇಡಿ. ಐದು-ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಅಷ್ಟರಲ್ಲಿ ಬ್ರೇಕ್ ಲಿವರ್ ಬಗ್ಗಿದೆಯಾ, ಎಕ್ಸಲೇಟರ್ ತಿರುಗಿಸಿ ಬಿಟ್ರೆ ವಾಪಸ್ ಬರ್ತದಾ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗ್ತದಾ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ.